ಕಾಂತಗೋಳದ ಆ ಚಿತ್ರವನ್ನು ಯಾವ ನೌಕೆ ತೆಗೆದದ್ದು?

ಕಾಂತಗೋಳದ, ಅಂದರೆ ಗ್ರಹದ ಸುತ್ತ ಅದರ ಕಾಂತಕ್ಷೇತ್ರದ ಹಿಡಿತವಿರುವ ಜಾಗದ, ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಎಡಕ್ಕೆ ಉರಿಯುವ ಸೂರ್ಯ, ಬಲಕ್ಕೆ ಪುಟ್ಟ ಭೂಮಿ, ಅದರ ಸುತ್ತ ನೀಲಿ ಗೆರೆಗಳು, ಹಿಂದೆ ಉದ್ದನೆಯ ಬಾಲ. ಈ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದನ್ನು ತೋರಿಸಿ ಕೇಳುತ್ತಾರೆ: "ಕಾಂತಕ್ಷೇತ್ರ ಕಣ್ಣಿಗೆ ಕಾಣೋದಿಲ್ಲ ಅಲ್ವಾ? ಮತ್ತೆ ಇದನ್ನು ಯಾವ ನೌಕೆ ತೆಗೆದದ್ದು?"

ಯಾವ ನೌಕೆಯೂ ತೆಗೆದಿಲ್ಲ. ಅದು ಕೈಯಲ್ಲಿ ಬಿಡಿಸಿದ ಚಿತ್ರ. ಹಾಗಂತ ಸುಮ್ನೆ ಊಹಿಸಿ ಬಿಡಿಸಿದ್ದೂ ಅಲ್ಲ. ನೌಕೆಗಳು ಆ ಜಾಗದಲ್ಲಿ ಹಾದು ಹೋಗಿವೆ, ಹೋಗುವಾಗ ಅಳೆದಿವೆ. ಬಟ್ಟೆಯೊಳಗೆ ಸೂಜಿ ಹೋದಂತೆ ಒಂದು ನೌಕೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಅದಕ್ಕೆ ಗೊತ್ತಾಗುವುದು ಆ ಗೆರೆಯ ಮೇಲೆ ಏನಿದೆ ಅನ್ನೋದು ಮಾತ್ರ. ಪಕ್ಕದಲ್ಲಿ ಏನಿದೆ ಅಂತ ತಿಳಿಯಲು ಇನ್ನೊಂದು ಸಲ ಹೋಗಬೇಕು.

ಸೌರಮಾರುತ ಗೊತ್ತಾದದ್ದೂ ಹೀಗೇ. ಸೂರ್ಯನಿಂದ ಕಣಗಳ ಹರಿವು ಸದಾ ಹೊರಗೆ ಬೀಸುತ್ತಲೇ ಇರಬೇಕು ಅಂತ ಯುಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ಹೇಳಿದರು. ತುಂಬಾ ಜನ ಒಪ್ಪಲಿಲ್ಲ. 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ ನೌಕೆಗಳಿಗೆ ಆ ಕಣಗಳು ಸಿಕ್ಕವು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ದಾರಿಯುದ್ದಕ್ಕೂ ಅಳೆಯಿತು, ಗಾಳಿ ಒಂದು ದಿನವೂ ನಿಲ್ಲಲಿಲ್ಲ. ಅಲ್ಲಿಗೆ ವಾದ ಮುಗಿಯಿತು.

ಅಳೆಯುವುದು ಹೇಗೆ? ಮುಖ್ಯ ಉಪಕರಣ ಮ್ಯಾಗ್ನೆಟೋಮೀಟರ್. ಭೂಮಿಯ ನೆಲದ ಮೇಲೆ ಕಾಂತಕ್ಷೇತ್ರ ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾ ಇರುತ್ತದೆ. ಭೂಮಿಯ ಹತ್ತಿರ ಸೌರಮಾರುತ ಹೊತ್ತು ತರುವ ಕ್ಷೇತ್ರ 5 ನ್ಯಾನೋಟೆಸ್ಲಾ ಆಸುಪಾಸು, ಅಷ್ಟೇ. ಇಷ್ಟು ಸಣ್ಣದನ್ನು ಅಳೆಯಲು ಹೊರಟರೆ ನೌಕೆಯೊಳಗಿನ ತಂತಿ, ಮೋಟಾರುಗಳ ಕಾಂತಕ್ಷೇತ್ರವೇ ಅಡ್ಡ ಬರುತ್ತದೆ. ಅದಕ್ಕೇ ಉಪಕರಣವನ್ನು ಉದ್ದನೆಯ ಕೋಲಿನ ಮೇಲೆ ದೂರ ಇಡುತ್ತಾರೆ. ವಾಯೇಜರ್ ನೌಕೆಗಳ ಕೋಲು 13 ಮೀಟರ್ ಉದ್ದ. ಉಡಾವಣೆಯ ಹೊತ್ತಿಗೆ ಡಬ್ಬಿಯೊಳಗೆ ಸುತ್ತಿಟ್ಟಿದ್ದ ಅದನ್ನು ಆಮೇಲೆ ಬಿಚ್ಚಿದರು. ತುದಿಗೊಂದು, ನಡುವೆ ಒಂದು ಅಂತ ಎರಡು ಮ್ಯಾಗ್ನೆಟೋಮೀಟರ್ ಇಟ್ಟಿದ್ದರು, ಯಾಕೆಂದರೆ ಎರಡರ ಅಳತೆ ಎಷ್ಟು ಬೇರೆ ಅಂತ ನೋಡಿದರೆ ನೌಕೆಯದ್ದೆಷ್ಟು, ಹೊರಗಿನದ್ದೆಷ್ಟು ಅಂತ ಬಿಡಿಸಬಹುದು. ಇದರ ಜೊತೆಗೆ ಕಣಗಳ ವೇಗ, ಬಿಸಿ, ಸಾಂದ್ರತೆ ಅಳೆಯುವ ಉಪಕರಣಗಳೂ ಇರುತ್ತವೆ.

ಈಗ ಒಂದು ನೌಕೆ ಸೂರ್ಯನ ಕಡೆಯಿಂದ ಭೂಮಿಗೆ ಬರುತ್ತಿದೆ ಅಂದುಕೊಳ್ಳಿ. ಹೊರಗೆ ಸೌರಮಾರುತ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬೀಸುತ್ತಿದೆ. ಭೂಮಿಗೆ ಇನ್ನೂ ಸುಮಾರು 90,000 ಕಿ.ಮೀ. ಇರುವಾಗ ಇದ್ದಕ್ಕಿದ್ದಂತೆ ವೇಗ ಕುಸಿಯುತ್ತದೆ, ಕಣಗಳು ಬಿಸಿಯಾಗುತ್ತವೆ, ಕಾಂತಕ್ಷೇತ್ರ ಅಡ್ಡಾದಿಡ್ಡಿ ನಡುಗುತ್ತದೆ. ಓಡುವ ಹಡಗಿನ ಮೂತಿಯ ಮುಂದೆ ನೀರು ಉಬ್ಬುವಂತೆ ಇಲ್ಲಿ ಸೌರಮಾರುತ ಉಬ್ಬಿ ನಿಂತಿದೆ. ಇದೇ ಬೋ ಶಾಕ್. ಇನ್ನೂ ಮುಂದೆ ಬಂದರೆ, ಸುಮಾರು 60,000 ಕಿ.ಮೀ. ದೂರದಲ್ಲಿ, ನಡುಕ ನಿಂತು ಕಾಂತಕ್ಷೇತ್ರ ಒಂದು ದಿಕ್ಕಿಗೆ ನೆಟ್ಟಗಾಗುತ್ತದೆ. ಅಲ್ಲಿಂದ ಒಳಗೆ ಭೂಮಿಯ ಸಾಮ್ರಾಜ್ಯ.

ಆದರೆ ಈ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ಸೌರಮಾರುತದ ಒತ್ತಡ ಜಾಸ್ತಿಯಾದರೆ ಒಳಗೆ ಸರಿಯುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. 1973ರ ಕೊನೆಯಲ್ಲಿ ಪಯೋನೀರ್ 10 ಗುರುವಿನ ಹತ್ತಿರ ಹೋಯಿತು. ಕಾಂತಗೋಳದ ಒಳಗೆ ಹೊಕ್ಕಿತು. ಗ್ರಹದ ಕಡೆಗೇ ಸಾಗುತ್ತಿತ್ತು, ಆದರೂ ಮತ್ತೆ ಹೊರಗೆ ಬಿದ್ದಿತ್ತು! ಅದು ಹಿಂದೆ ತಿರುಗಲಿಲ್ಲ, ಗಡಿಯೇ ಅದನ್ನು ದಾಟಿ ಒಳಗೆ ಓಡಿತ್ತು. ಆಮೇಲೆ ಎರಡನೇ ಸಲ ಒಳಗೆ ಹೊಕ್ಕಿತು.

ಒಂದೇ ನೌಕೆಯ ದೊಡ್ಡ ತೊಂದರೆ ಇದು. ಅಳತೆ ಬದಲಾದರೆ ನಾವು ಬೇರೆ ಜಾಗಕ್ಕೆ ಬಂದೆವೋ, ಇದ್ದ ಜಾಗವೇ ಬದಲಾಯಿತೋ ಹೇಳಲಾಗುವುದಿಲ್ಲ. ಅದಕ್ಕಾಗಿ ಯುರೋಪಿನವರು ನಾಲ್ಕು ಮೂಲೆಯ ಗೋಪುರದಂತೆ ಒಟ್ಟಿಗೆ ಹಾರುವ ನಾಲ್ಕು ಕ್ಲಸ್ಟರ್ ನೌಕೆಗಳನ್ನು ಕಟ್ಟಿದರು. 1996ರ ಜೂನ್ 4ರಂದು ಆ ನಾಲ್ಕನ್ನೂ ಹೊತ್ತ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಒಂದು ನಿಮಿಷವೂ ಆಗುವ ಮೊದಲು ಸಿಡಿದು ಹೋಯಿತು. ಅವರು ಕೈ ಚೆಲ್ಲಲಿಲ್ಲ, ಮತ್ತೆ ನಾಲ್ಕು ಕಟ್ಟಿ 2000ದಲ್ಲಿ ಹಾರಿಸಿದರು. 2015ರಲ್ಲಿ ನಾಸಾದ ಎಂಎಂಎಸ್‌ನ ನಾಲ್ಕು ನೌಕೆಗಳು ಹೋದವು. ಇವು ಒಂದಕ್ಕೊಂದು ಹತ್ತು ಕಿ.ಮೀ.ಗಿಂತಲೂ ಹತ್ತಿರ ಹಾರಿವೆ, ಕಾಂತರೇಖೆಗಳು ಕಡಿದು ಮತ್ತೆ ಬೆಸೆಯುವ ಜಾಗದೊಳಗೇ ನುಗ್ಗಿ ಅಳೆದಿವೆ.

"ಅಷ್ಟೆಲ್ಲ ಅಳೆದು ಏನು ಸಿಗುತ್ತೆ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗ ನಾನು ಹೇಳುವುದು ಎನ್ಸೆಲಡಸ್ ಕಥೆ. ಎಷ್ಟು ಸಲ ಹೇಳಿದರೂ ನನಗೆ ಖುಷಿ ಕಡಿಮೆಯಾಗಿಲ್ಲ. ಶನಿಯ ಈ ಪುಟ್ಟ ಹಿಮದ ಚಂದ್ರ ಅಡ್ಡಗಲ 500 ಕಿ.ಮೀ. ಅಷ್ಟೇ. 2005ರ ಫೆಬ್ರವರಿ, ಮಾರ್ಚ್‌ನಲ್ಲಿ ಕಸಿನಿ ನೌಕೆ ಅದರ ಪಕ್ಕ ಹಾದು ಹೋದಾಗ ಶನಿಯ ಕಾಂತರೇಖೆಗಳು ಅದರ ಸುತ್ತ ಬಾಗಿದ್ದು ಕಂಡಿತು. ವಾತಾವರಣವೇ ಇಲ್ಲದ ಬರೀ ಹಿಮದುಂಡೆ ಆಗಿದ್ದರೆ ಹಾಗೆ ಬಾಗಲು ಕಾರಣವೇ ಇಲ್ಲ. ಮ್ಯಾಗ್ನೆಟೋಮೀಟರ್ ತಂಡದ ಮುಖ್ಯಸ್ಥೆ ಮಿಷೆಲ್ ಡೋಹರ್ಟಿ ಪಟ್ಟು ಹಿಡಿದರು, ಮುಂದಿನ ಸಲ ಇನ್ನೂ ಹತ್ತಿರ ಹೋಗೋಣ ಅಂತ. ಜುಲೈ 14ರಂದು ಕಸಿನಿ ಬರೀ 173 ಕಿ.ಮೀ. ಎತ್ತರದಲ್ಲಿ ಹಾದು ಹೋಯಿತು, ದಕ್ಷಿಣ ಧ್ರುವದಿಂದ ನೀರಿನ ಆವಿ ಚಿಮ್ಮುತ್ತಿರುವುದು ಖಚಿತವಾಯಿತು. ಚಿಲುಮೆಗಳ ಸ್ಪಷ್ಟ ಫೋಟೋ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ಕ್ಯಾಮೆರಾಗಿಂತ ಮೊದಲೇ ಆ 11 ಮೀಟರ್ ಕೋಲಿನ ಮೇಲಿನ ಉಪಕರಣಕ್ಕೆ ಸುಳಿವು ಸಿಕ್ಕಿತ್ತು.

ಹಾಗಾಗಿ ಇಂಥ ಚಿತ್ರ ಕಂಡರೆ ಒಂದು ವಿಷಯ ಕೇಳಿ: ಇದು ನೌಕೆಗಳು ಹಾದು ಹೋದ ಎಷ್ಟು ಗೆರೆಗಳ ಮೇಲೆ ನಿಂತಿದೆ? ಭೂಮಿಯದ್ದು ಸಾವಿರಾರು ಗೆರೆಗಳ ಮೇಲೆ ನಿಂತಿದೆ. ಅದೂ ಅಲ್ಲದೆ ಬರುವ ಗಾಳಿಯನ್ನು ಮೊದಲೇ ಅಳೆಯಲು ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಮುಂದೆ, ಎಲ್1 ಅನ್ನುವ ಬಿಂದುವಿನಲ್ಲಿ, ಆದಿತ್ಯ-ಎಲ್1ನಂಥ ನೌಕೆಗಳಿವೆ. ಅಲ್ಲಿ ಸಿಕ್ಕ ಗಾಳಿ ಭೂಮಿಗೆ ತಲುಪಲು ಸಾಮಾನ್ಯವಾಗಿ ಒಂದು ಗಂಟೆ ಬೇಕು. ಬುಧನನ್ನು ಮೆಸೆಂಜರ್ 4 ವರ್ಷ ಸುತ್ತಿತು, ಶನಿಯನ್ನು ಕಸಿನಿ 13 ವರ್ಷ.

ಯುರೇನಸ್‌ಗೆ ಇರುವುದು ಒಂದೇ ಗೆರೆ. 1986ರ ಜನವರಿ 24ರಂದು ವಾಯೇಜರ್ 2 ಹಾದು ಹೋದದ್ದು. ಅದರ ಕಾಂತಕ್ಷೇತ್ರ ಗ್ರಹ ತಿರುಗುವ ಅಕ್ಷಕ್ಕೆ ಸುಮಾರು 60 ಡಿಗ್ರಿ ವಾಲಿದೆ. ಅದಕ್ಕಿಂತ ದೊಡ್ಡ ಒಗಟು ಬೇರೆ ಇತ್ತು. ಗ್ರಹದ ಸುತ್ತ ಸಿಕ್ಕಿಬಿದ್ದ ವೇಗದ ಎಲೆಕ್ಟ್ರಾನ್‌ಗಳ ಪಟ್ಟಿಗಳು ಭಾರಿ ಜೋರಾಗಿದ್ದವು, ಆದರೆ ಕಾಂತಗೋಳದಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಇರುವ ಕಣಗಳ ಅನಿಲ, ಬಹಳ ಕಡಿಮೆ. ಎನ್ಸೆಲಡಸ್‌ನಂತೆ ಚಂದ್ರಗಳು ಆವಿ ಉಗುಳಿದರೆ ಅದರಿಂದ ಪ್ಲಾಸ್ಮಾ ಆಗುತ್ತದೆ. ಹಾಗಾದರೆ ಅದರ ಚಂದ್ರಗಳು ಏನನ್ನೂ ಉಗುಳುತ್ತಿಲ್ಲ, ಒಳಗೆಲ್ಲ ತಣ್ಣಗಾಗಿ ಹೋಗಿವೆ ಅಂತ ತುಂಬಾ ಜನ ಅಂದುಕೊಂಡರು. 2024ರಲ್ಲಿ ಕೆಲವು ವಿಜ್ಞಾನಿಗಳು ಅದೇ ಹಳೆಯ ಅಳತೆಗಳನ್ನು ಮತ್ತೆ ತೆಗೆದು, ವಾಯೇಜರ್ ಒಳಗೆ ಹೊಕ್ಕುವ ಮುಂಚಿನ ದಿನಗಳ ಸೌರಮಾರುತವನ್ನು ನೋಡಿದರು. ಅಲ್ಲಿ ಮುಂದೆ ಕಾವಲಿಗೆ ಬೇರೆ ನೌಕೆ ಇರಲಿಲ್ಲ, ಬರುವ ದಾರಿಯಲ್ಲಿ ವಾಯೇಜರ್ ತಾನೇ ಅಳೆದದ್ದಷ್ಟೇ ಇತ್ತು. ಸರಿಯಾಗಿ ಆ ಸಮಯದಲ್ಲೇ ಜೋರಾದ ಗಾಳಿ ಬೀಸಿ ಯುರೇನಸ್‌ನ ಕಾಂತಗೋಳವನ್ನು ಹಿಂಡಿತ್ತು. ಅಷ್ಟು ಹಿಂಡಿದ ಸ್ಥಿತಿ ಅಲ್ಲಿ ನೂರಕ್ಕೆ ನಾಲ್ಕು ಪಾಲು ಸಮಯ ಮಾತ್ರ ಇರುತ್ತದೆ ಅಂತ ಅವರ ಲೆಕ್ಕ. ಪ್ಲಾಸ್ಮಾ ಹೊರಗೆ ಹೋಗಿರಬಹುದು, ಎಲೆಕ್ಟ್ರಾನ್ ಪಟ್ಟಿಗಳೂ ಅದರಿಂದಲೇ ಉಬ್ಬಿರಬಹುದು. ಕೆಲವು ದಿನ ಮೊದಲು ಹೋಗಿದ್ದರೆ ವಾಯೇಜರ್‌ಗೆ ಬೇರೆಯೇ ಕಾಂತಗೋಳ ಸಿಗುತ್ತಿತ್ತು. ಚಂದ್ರಗಳು ಸತ್ತಿವೆ ಅಂತ ಇನ್ನು ಹೇಳುವ ಹಾಗಿಲ್ಲ.

ಅಮೆರಿಕದ ಗ್ರಹವಿಜ್ಞಾನಿಗಳು 2022ರಲ್ಲಿ ಹತ್ತು ವರ್ಷದ ಯೋಜನೆ ಬರೆದಾಗ, ದೊಡ್ಡ ನೌಕೆಗಳ ಪೈಕಿ ಯುರೇನಸ್ ಸುತ್ತುವ ನೌಕೆಯನ್ನೇ ಮೊದಲು ಇಟ್ಟರು. ಅದು ಹೋಗಬೇಕು, ವರ್ಷಗಟ್ಟಲೆ ಅಲ್ಲೇ ಸುತ್ತಬೇಕು, ಉದ್ದನೆಯ ಕೋಲು ಚಾಚಿಕೊಂಡು. ನನಗೆ ಆ ಎರಡನೇ ಗೆರೆಯನ್ನು ನೋಡಬೇಕು.