ಎಲೆ ನೋಡಲು ಹೋಗಿ ಎಲೆ ತಿಂದು ಬಂದದ್ದು

ಒಸಾಕಾಗೆ ಬಂದವರಿಗೆ ಸ್ವಲ್ಪ ಹಸಿರು ಬೇಕೆನಿಸಿದರೆ ಸೀದಾ ಕ್ಯೋಟೋದ ಅರಶಿಯಾಮಾ ಬಿದಿರುಕಾಡಿಗೆ ಓಡುತ್ತಾರೆ. ನಾವೂ ಹೋದೆವು. ಅಲ್ಲಿ ಬಿದಿರಿಗಿಂತ ಸೆಲ್ಫಿ ಕಡ್ಡಿಗಳೇ ಜಾಸ್ತಿ. ಆ ದಿನದ ಬಗ್ಗೆ ಇಷ್ಟು ಸಾಕು.

ನನಗೆ ಹಿಡಿಸಿದ್ದು ಮಿನೋ, ಒಸಾಕಾದ ಹತ್ತಿರವೇ ಬೆಟ್ಟ, ಕಾಡು, ಜಲಪಾತ ಇರುವ ಊರು. ಒಸಾಕಾದ ನಡುವಿನ ಉಮೇದಾದಲ್ಲಿ ಹಾಂಕ್ಯು ಎಂಬ ಖಾಸಗಿ ಕಂಪನಿಯ ರೈಲು ಹತ್ತಿ, ಇಶಿಬಾಶಿಯಲ್ಲಿ ಇಳಿದು ಇನ್ನೊಂದು ರೈಲು ಹಿಡಿದರೆ ಹೆಚ್ಚುಕಡಿಮೆ ಅರ್ಧ ಗಂಟೆಯಲ್ಲಿ ಬೆಟ್ಟದ ಬುಡ. ಈ ರೈಲು ಓಡಲು ಶುರುವಾದದ್ದು 1910ರಲ್ಲಿ. ಅದನ್ನು ಹಾಕಿಸಿದ ಕೊಬಾಯಾಶಿ ಇಚಿಜೋ ಜಾಣ. ಜನ ಕಡಿಮೆ ಇದ್ದ ಕಡೆ ಹಳಿ ಹಾಕಿ, ಪಕ್ಕದಲ್ಲೇ ಮನೆ ಕಟ್ಟಿಸಿ ಕಂತಿನಲ್ಲಿ ಮಾರಿದ. ಭಾನುವಾರವೂ ರೈಲು ತುಂಬಲಿ ಅಂತ ಮಿನೋದಲ್ಲಿ ಒಂದು ಮೃಗಾಲಯವನ್ನೂ ತೆರೆದ. ಮೃಗಾಲಯ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ರೈಲು ಈಗಲೂ ತುಂಬುತ್ತದೆ.

ನಾವು ಹೋದದ್ದು ನವೆಂಬರ್ ಕೊನೆಗೆ, ಮೇಪಲ್ ಮರಗಳು ಕೆಂಪಾಗುವ ಹೊತ್ತು. ಜೊತೆಗೆ ನನ್ನ ಭಾಮೈದ. ಅವನು ಒಸಾಕಾದಲ್ಲೇ ಕೆಲಸದಲ್ಲಿದ್ದಾನೆ, ಜಪಾನಿ ಚೆನ್ನಾಗಿ ಬರುತ್ತದೆ. ಸ್ಟೇಷನ್ನಿನಿಂದ ಜಲಪಾತಕ್ಕೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹೊಳೆಯ ಪಕ್ಕದಲ್ಲೇ ಡಾಂಬರು ದಾರಿ, ಏರು ಅಂಥ ಏರೇನಲ್ಲ. ಆದರೆ ನಾವು ಮೊದಲ ಐದು ನಿಮಿಷದಲ್ಲೇ ನಿಂತುಬಿಟ್ಟೆವು. ಕರಿದ ಎಣ್ಣೆಯ ವಾಸನೆ!

ಅಂಗಡಿಯ ಮುಂದೆಯೇ ಬಾಣಲೆ ಇಟ್ಟುಕೊಂಡು ಒಬ್ಬ ಅಜ್ಜಿ ಎಲೆ ಕರಿಯುತ್ತಿದ್ದರು. ಮೊಮಿಜಿ ತೆಂಪುರಾ ಅಂತಾರೆ. ಒಂದೊಂದೇ ಮೇಪಲ್ ಎಲೆಯನ್ನು ತೊಟ್ಟು ಹಿಡಿದು, ಸಕ್ಕರೆ, ಎಳ್ಳು ಹಾಕಿದ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದು. ಬೆರಳುಗಳಂತಿರುವ ಎಲೆಯ ಅಂಚು ಒಂದಕ್ಕೊಂದು ಅಂಟದ ಹಾಗೆ ಕಡ್ಡಿಯಲ್ಲಿ ಬಿಡಿಸುತ್ತಿದ್ದರು. ಉರಿ ಸಣ್ಣದು, ಅವಸರವಿಲ್ಲ. ಬಾಯಿಗೆ ಹಾಕಿಕೊಂಡರೆ ಥೇಟ್ ನಮ್ಮ ಶಂಕರಪೋಳಿ. ಕಟುಂ ಅನ್ನುತ್ತದೆ, ಸಿಹಿ, ಹಿಂದಿನಿಂದ ಎಳ್ಳಿನ ರುಚಿ.

ಇಷ್ಟೆಲ್ಲ ಎಲೆ ಇದೇ ಕಾಡಿನದಾ ಅಂತ ಭಾಮೈದನ ಕೈಲಿ ಕೇಳಿಸಿದೆ. ಅಜ್ಜಿ ಜೋರಾಗಿ ಕೈಯಾಡಿಸಿದರು. ಇಲ್ಲಿನದು ಒಂದೂ ಕೀಳುವ ಹಾಗಿಲ್ಲ, ತಿನ್ನುವುದಕ್ಕೇ ಬೇರೆ ಕಡೆ ಮರ ಬೆಳೆಸುತ್ತೇವೆ ಅಂದರು. ಕಿತ್ತ ಎಲೆಯನ್ನು ತೊಳೆದು, ಪೀಪಾಯಿಯಲ್ಲಿ ಉಪ್ಪು ಹಾಕಿ ಒಂದು ವರ್ಷ ಇಡುತ್ತಾರಂತೆ. ಆಮೇಲೆ ಉಪ್ಪು ಬಿಡಿಸಿ ಕರಿಯುವುದು.

"ಒಂದು ವರ್ಷಾನಾ?"

"ಹೌದು. ನೀವು ತಿಂತಿರೋದು ಹೋದ ವರ್ಷದ ಎಲೆ."

ತಲೆಯ ಮೇಲೆ ಈ ವರ್ಷದ್ದು, ಬಾಯಲ್ಲಿ ಹೋದ ವರ್ಷದ್ದು. ನನಗೆ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಅಷ್ಟೊಂದು ಕಷ್ಟಪಟ್ಟ ಎಲೆಗೆ ರುಚಿಯೇ ಇಲ್ಲವಲ್ಲ?

"ಭಾವ, ಅದನ್ನೆಲ್ಲ ಇಲ್ಲಿ ಕೇಳಬಾರದು," ಅಂದ ಭಾಮೈದ.

ನಮ್ಮ ಗುಸುಗುಸು ನೋಡಿ ಅಜ್ಜಿಯೇ ಏನದು ಅಂತ ಕೇಳಿದರು. ಪಾಪ, ಅವನು ನಾಲ್ಕು ಸಲ ತಲೆ ಬಗ್ಗಿಸಿ, ಕ್ಷಮೆ ಕೇಳಿಕೊಂಡು ಹೇಳಿದ. ಅಜ್ಜಿಗೆ ಬೇಜಾರೇನೂ ಆಗಲಿಲ್ಲ.

"ಇಲ್ಲವಲ್ಲ. ರುಚಿಯೆಲ್ಲ ಹಿಟ್ಟಿನದೇ."

"ಮತ್ತೆ ಎಲೆ ಯಾಕೆ?"

"ಬರೀ ಹಿಟ್ಟು ಕರಿದಿದ್ದರೆ ನೀವು ನಿಲ್ಲುತ್ತಿದ್ದಿರಾ?"

ಸುಮ್ನೆ ಇನ್ನೊಂದು ಪೊಟ್ಟಣ ಕೊಂಡೆ. ಹಿಂದೆ ಈ ಬೆಟ್ಟದಲ್ಲಿ ತಪಸ್ಸು ಮಾಡುತ್ತಿದ್ದ ಸಾಧಕನೊಬ್ಬ ಎಲೆಯ ಚೆಂದಕ್ಕೆ ಮರುಳಾಗಿ, ದೀಪದ ಎಣ್ಣೆಯಲ್ಲೇ ಕರಿದು ದಾರಿಹೋಕರಿಗೆ ಕೊಟ್ಟನಂತೆ. 1300 ವರ್ಷದ ಕಥೆ ಅಂತಾರೆ. ನಾನು ನಂಬುವುದು ರೈಲನ್ನೇ. ರೈಲು ಬಂದ ಮೇಲೆ ಈ ತಿಂಡಿಗೆ ಗಿರಾಕಿ ಹೆಚ್ಚಿತು.

ದಾರಿಯಲ್ಲಿ ಕೆಂಪು ಸೇತುವೆ ದಾಟಿದರೆ ರ್ಯೂಆನ್‌ಜಿ ದೇವಸ್ಥಾನ. ಒಳಗಿರುವವಳು ಬೆಂಜೈತೆನ್, ಅಂದರೆ ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಇಲ್ಲಿಗೆ ಬಂದವಳು. ಜಪಾನಿನ ಲಾಟರಿ ಹುಟ್ಟಿದ್ದೂ ಇಲ್ಲೇ ಅನ್ನುತ್ತಾರೆ. ಹೆಸರು ಬರೆದ ಮರದ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಮೇಲಿನಿಂದ ದಬ್ಬಣದಲ್ಲಿ ಚುಚ್ಚಿ ಎತ್ತುವುದು. ಗೆದ್ದವರಿಗೆ ದುಡ್ಡಲ್ಲ, ರಕ್ಷೆ. ಸರಸ್ವತಿ ಮನೆಯ ಲಾಟರಿ ಇನ್ನು ಹೇಗಿರುತ್ತೆ, ಅಲ್ವಾ?

ಮುಂದೆ ಕೋತಿಗಳಿಗೆ ತಿಂಡಿ ಕೊಡಬೇಡಿ ಎಂಬ ಬೋರ್ಡುಗಳು. ಕೊಟ್ಟರೆ 10,000 ಯೆನ್‌ವರೆಗೆ ದಂಡ. ಕೋತಿ ಒಂದೂ ಸಿಗಲಿಲ್ಲ.

ಜಲಪಾತ 33 ಮೀಟರ್. ಎತ್ತರಕ್ಕೆ ಬೆರಗಾಗುವಂಥದ್ದಲ್ಲ. ಆದರೆ ಬಿಳಿ ನೀರಿನ ಮುಂದೆ ಕೆಂಪು ರೆಂಬೆಯೊಂದು ಅಡ್ಡ ಬಂದಿರುತ್ತದೆ. ಎಲ್ಲರೂ ಅದೇ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ.

ಇನ್ನು ಊಟದ ವಿಷಯ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವಾಪಸ್ ದಾರಿಯಲ್ಲಿ ಒಂದು ಹೋಟೆಲಿಗೆ ಹೋದೆವು. ಮಾಂಸ ಬೇಡ, ಮೀನು ಬೇಡ, ಮೀನಿನ ಸಾರೂ ಬೇಡ ಅಂತ ಭಾಮೈದ ಬಿಡಿಸಿ ಹೇಳಿದ. ಹಾಯ್ ಹಾಯ್, ಅಂದರೆ ಹೌದು ಹೌದು, ಅಂತ ತಲೆಯಾಡಿಸಿ ತಂದಿಟ್ಟ ಉದೊನ್ ಎಂಬ ದಪ್ಪ ಗೋಧಿ ನೂಡಲ್ಸ್ ಮೇಲೆ ಒಣಮೀನಿನ ತೆಳು ಚಕ್ಕೆಗಳು ಬಿಸಿ ಹಬೆಗೆ ಕುಣಿಯುತ್ತಿದ್ದವು! ಕೇಳಿದರೆ, ಅವು ಮೇಲೆ ಉದುರಿಸಿದ್ದು ಅಷ್ಟೇ, ತೆಗೆದುಬಿಡಿ ಅಂದರು. ದುಡ್ಡು ಕೊಟ್ಟು ಎದ್ದು ಬಂದೆವು. ಸಸ್ಯಾಹಾರಿಗಳು ಮಿನೋಗೆ ಹೋಗುವುದಾದರೆ ಉಮೇದಾದಲ್ಲೇ ಹಣ್ಣು, ಬ್ರೆಡ್ಡು ಕಟ್ಟಿಸಿಕೊಂಡು ಹೋಗಿ. ನವೆಂಬರ್ ಕೊನೆಗೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಎರಡರ ಮೇಲೆ ಹೊರಡಬೇಡಿ. ಎಲೆ ಮಾತ್ರ ಎರಡಲ್ಲ, ಮೂರು ಪೊಟ್ಟಣ ತಗೊಳ್ಳಿ. ಆ ಮಧ್ಯಾಹ್ನ ನಮ್ಮ ಊಟ ಅದೇ ಆಯಿತು.