ಬಿದ್ದದ್ದೆಲ್ಲ ಹೆಡ್ಡೇ

ಸಾಯುವ ಪಾತ್ರ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ನಾವು ಸಾಯ್ತೀವಿ ಅಂತ ನಾಟಕದ ಹೆಸರಲ್ಲೇ ಬರೆದಿರುವಾಗ, ಏನೂ ಗೊತ್ತಿಲ್ಲದವರ ಹಾಗೆ ಮೂರು ಅಂಕ ನಿಂತಿರೋದು ಕಷ್ಟ. ಟಾಮ್ ಸ್ಟಾಪರ್ಡ್ ಬರೆದ 'ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡನ್‌ಸ್ಟರ್ನ್ ಆರ್ ಡೆಡ್' ನಾಟಕವನ್ನು ಕಳೆದ ಬೇಸಿಗೆಯಲ್ಲಿ ನಾವೊಂದಿಷ್ಟು ಗೆಳೆಯರು ನಮಗೆ ಬಂದ ಹಾಗೆ ಕನ್ನಡಕ್ಕೆ ಮಾಡಿಕೊಂಡು ಬಳ್ಳಾರಿಯಲ್ಲಿ ಆಡಿದೆವು. ನಾನು ರೋಸೆನ್‌ಕ್ರಾಂಟ್ಸ್, ಚಿಕ್ಕದಾಗಿ ರೋಸ್; ಇನ್ನೊಬ್ಬ ಗಿಲ್. ಇಬ್ಬರಲ್ಲಿ ಸ್ವಲ್ಪ ದಡ್ಡ.

ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್'ನಲ್ಲಿ ಬಂದು ಹೋಗುವ ಇಬ್ಬರು ಚಿಲ್ಲರೆ ಪಾತ್ರಧಾರಿಗಳ ಕಥೆ ಇದು. ರಾಜ ಕರೆಸಿದ, ಬಂದರು. ನಿಮ್ಮ ಗೆಳೆಯ ರಾಜಕುಮಾರ ಹ್ಯಾಮ್ಲೆಟ್‌ಗೆ ಏನಾಗಿದೆ ನೋಡಿ ಅಂದ, ನೋಡಿದರು. ಕೈಗೊಂದು ಪತ್ರ ಕೊಟ್ಟು, ಅವನನ್ನ ಇಂಗ್ಲೆಂಡಿಗೆ ಕರಕೊಂಡು ಹೋಗಿ ಅಂದ, ಹೊರಟರು. ಸತ್ತರು. ಸ್ಟಾಪರ್ಡ್ ಮಾಡಿದ್ದು ಇಷ್ಟೇ: ಈ ಇಬ್ಬರನ್ನು ರಂಗದ ನಡುವೆ ನಿಲ್ಲಿಸಿ, ಹ್ಯಾಮ್ಲೆಟ್‌ನನ್ನು ಅಕ್ಕಪಕ್ಕ ಓಡಾಡಿಸಿದರು. 1966ರಲ್ಲಿ ಎಡಿನ್‌ಬರೋದಲ್ಲಿ ಮೊದಲ ಸಲ ಆಡಿದ್ದು, ಮರುವರ್ಷ ಲಂಡನ್ನಿನ ನ್ಯಾಷನಲ್ ಥಿಯೇಟರ್‌ಗೆ ಹೋಯಿತು.

ಶುರುವಾಗೋದೇ ನಾಣ್ಯ ಚಿಮ್ಮೋದರಿಂದ. ಗಿಲ್ ಚಿಮ್ಮುತ್ತಾನೆ, ನಾನು ನೋಡಿ "ಹೆಡ್ಡು" ಅಂತ ಹೇಳಿ ನನ್ನ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮತ್ತೆ ಹೆಡ್ಡು. ಮತ್ತೆ ಹೆಡ್ಡು. ಲೆಕ್ಕ 92ರವರೆಗೆ ಹೋಗುತ್ತದೆ. ನಿಜವಾಗಿ ಹಾಗೆ ಬೀಳಬೇಕಾದರೆ, 5ರ ಮುಂದೆ 27 ಸೊನ್ನೆ ಬರೆದು ಅಷ್ಟರಲ್ಲಿ ಒಂದು ಸಲ ಅಂತ ಇಟ್ಟುಕೊಳ್ಳಿ. ಹಾಗಂತ ಮುಂದಿನ ಸಲ ಟೇಲ್ ಬರಲೇಬೇಕು ಅಂತೇನಿಲ್ಲ, ಪ್ರತಿ ಸಲವೂ ಅರ್ಧಕ್ಕರ್ಧವೇ, ಹಿಂದೆ ಏನು ಬಿದ್ದಿತ್ತು ಅಂತ ನಾಣ್ಯಕ್ಕೇನು ಗೊತ್ತು? ಇದನ್ನ ಓಸಿ ಬರೆಸೋರ ಮುಂದೆ ಹೇಳಿ ನೋಡಿ. "ವಾರದಿಂದ ಏಳು ಬಂದಿಲ್ಲ, ಇವತ್ತು ಬರ್ಲೇಬೇಕು" ಅಂತ ಚೀಟಿ ಹಿಡಿದು ಕೂತವರನ್ನು ನಮ್ಮ ಕಡೆ ಯಾರು ನೋಡಿಲ್ಲ!

ನಾಟಕಕ್ಕೆ ಬಳಸಿದ್ದು ಹತ್ತು ರೂಪಾಯಿ ಕಾಯಿನ್‌ಗಳು. ಅಂಗಡಿಯವರು ತಗೊಳ್ಳಲ್ಲ ಅಂತ ಎಲ್ಲರ ಮನೆಯಲ್ಲೂ ಡಬ್ಬಿಗಟ್ಟಲೆ ಬಿದ್ದಿದ್ದವು, ಅವನ್ನೇ ಚೀಲಕ್ಕೆ ತುಂಬಿದ್ದೆವು. ಸಿಂಹ ಇರುವ ಕಡೆ ಹೆಡ್ಡು. ಏನೇ ಬೀಳಲಿ ನಾನು ಹೆಡ್ಡು ಅಂದರೆ ಆಯಿತು, ಕೂತವರಿಗೆ ಎಲ್ಲಿ ಕಾಣಬೇಕು?

ಅವತ್ತು ಗಿಲ್ ಸ್ವಲ್ಪ ಜಾಸ್ತಿನೇ ಜೋರಾಗಿ ಚಿಮ್ಮಿದ. ಕಾಯಿನ್ ನನ್ನ ಕಾಲ ಹತ್ತಿರ ಬೀಳದೆ, ಅಂಚಿನ ಮೇಲೆ ನಿಂತು ಸುಯ್ಯಂತ ಉರುಳಿ, ರಂಗದಿಂದ ಕೆಳಗೆ ಬಿದ್ದು ಮುಂದಿನ ಸಾಲಿನ ಕುರ್ಚಿ ಕೆಳಗೆ ಹೋಯಿತು. ಹೆಗಲ ಮೇಲೆ ಟವೆಲ್ ಹಾಕಿದ್ದ ಹಿರಿಯರೊಬ್ಬರು ಬಗ್ಗಿ ನೋಡಿದರು. ಹಾಲ್ ತುಂಬ ಕೇಳುವ ಹಾಗೆ ಕೂಗಿದರು.

"ತಮ್ಮಾ, ಟೇಲ್ ಬಿದ್ದೈತಲ್ಲೋ!"

ಜನ ಬಿದ್ದು ಬಿದ್ದು ನಕ್ಕರು. ಗಿಲ್ ನನ್ನ ಮುಖ ನೋಡಿದ. ನನಗೆ ಅದೇನು ಹೊಳೆಯಿತೋ, "ಯಜಮಾನ್ರೇ, ಕೆಳಗ ಬಿದ್ದದ್ದು ನಿಮ್ ಲೆಕ್ಕ. ನಮ್ ಲೆಕ್ಕ ಮ್ಯಾಲೆ ಬಿದ್ದದ್ದಷ್ಟೇ" ಅಂದುಬಿಟ್ಟೆ. ಅವರು ವಾಪಸ್ ಎಸೆದರು. ಏನು ಬಿತ್ತು ಅಂತ ನಾನು ನೋಡಲೂ ಇಲ್ಲ. "ಹೆಡ್ಡು" ಅಂದೆ. ಇಡೀ ನಾಟಕಕ್ಕೆ ಸಿಕ್ಕ ದೊಡ್ಡ ಚಪ್ಪಾಳೆ ಅದು, ಸ್ಟಾಪರ್ಡ್ ಬರೆಯದ ಮಾತಿಗೆ.

ಎರಡನೇ ಚಪ್ಪಾಳೆ ಈ ನಾಟಕದೊಳಗೇ ಬರುವ ನಾಟಕ ಮಂಡಳಿಯ ಯಜಮಾನನ ಪಾತ್ರದವನಿಗೆ. ಗಿಲ್ ಸಿಟ್ಟಿನಲ್ಲಿ ಅವನಿಗೆ ಚಾಕು ಹಾಕುತ್ತಾನೆ. ಅವನು ಒದ್ದಾಡಿ ಸಾಯುತ್ತಾನೆ, ಮಂಡಳಿಯವರು ಚಪ್ಪಾಳೆ ಹೊಡೀತಾರೆ, ಎದ್ದು ನಿಲ್ಲುತ್ತಾನೆ. ಅಲಗು ಹಿಡಿಕೆಯೊಳಗೆ ಸರಿಯುವ ಚಾಕು. ನಮ್ಮವನು ಊರಲ್ಲಿ ಬಯಲಾಟ ಆಡಿ ಬಂದವನು, ಅಷ್ಟು ಸುಲಭಕ್ಕೆ ಸಾಯ್ತಾನಾ? ಮೂರು ಸುತ್ತು ಹಾಕಿ, ಮೀಸೆ ಮುಟ್ಟಿಕೊಂಡು ಸತ್ತ. ನಮ್ಮಿಬ್ಬರಿಗೆ ಮಾತ್ರ ಆ ಭಾಗ್ಯ ಇಲ್ಲ. ಮಾತಾಡ್ತಾ ಮಾತಾಡ್ತಾ ಕಣ್ಮರೆ, ಅಷ್ಟೇ. ಹಡಗಿನ ಅಂಕ ಸ್ವಲ್ಪ ಎಳೆಯುತ್ತದೆ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಆಟ ಮುಗಿದ ಮೇಲೆ ಒಗ್ಗರಣೆ-ಮೆಣಸಿನಕಾಯಿ ಬಂಡಿ ಹತ್ತಿರ ಅದೇ ಹಿರಿಯರು ಸಿಕ್ಕರು. "ನೀವು ಹಡಗಿನಾಗ ಕಾಗದ ಒಡದು ಓದಿದ್ರಲ್ಲ, ಗೆಳೆಯನ್ನ ಕೊಲ್ರಿ ಅಂತ ಅದ್ರಾಗ ಇತ್ತು. ಆಮ್ಯಾಲೆ ಯಾಕ್ ಸುಮ್ನಿದ್ರಿ?" ಅಂದರು. ಹ್ಯಾಮ್ಲೆಟ್ ರಾತ್ರೋರಾತ್ರಿ ಪತ್ರ ಬದಲಾಯಿಸಿದ, ಅದರಲ್ಲಿ ಇವರ ಹೆಸರು ಬಂತು, ಎಲ್ಲ ನಸೀಬು ಅಂತ ಗಿಲ್ ಸಮಜಾಯಿಷಿ ಕೊಡೋಕೆ ಹೋದ. ಬರೆದವರ ಬದುಕನ್ನೂ ಎಳೆದು ತಂದ. ಸ್ಟಾಪರ್ಡ್ ಹುಟ್ಟಿದ್ದು 1937ರಲ್ಲಿ, ಚೆಕೊಸ್ಲೊವಾಕಿಯಾದ ಯಹೂದಿ ಮನೆಯಲ್ಲಿ. ಅಪ್ಪ ಬಾಟಾ ಚಪ್ಪಲಿ ಕಂಪನಿಯ ಡಾಕ್ಟರ್. ನಾಜಿಗಳು ಬಂದಾಗ ಕಂಪನಿಯೇ ಅವರನ್ನು ಸಿಂಗಾಪುರಕ್ಕೆ ಕಳಿಸಿತು. ಅಲ್ಲಿಗೆ ಜಪಾನಿನವರು ಬಂದರು. ತಾಯಿ, ಮಕ್ಕಳು ಹಡಗು ಹತ್ತಿ ಭಾರತಕ್ಕೆ ಬಂದು ಬದುಕಿದರು, ಹಿಂದೆ ಉಳಿದ ಅಪ್ಪ 1942ರಲ್ಲಿ ತೀರಿಕೊಂಡರು. ಹುಡುಗ ಡಾರ್ಜಿಲಿಂಗ್‌ನಲ್ಲಿ ಶಾಲೆ ಕಲಿತ. ಒಂದು ಹಡಗು ಆಚೀಚೆ ಆಗಿದ್ದರೆ ಈ ನಾಟಕವೇ ಇರುತ್ತಿರಲಿಲ್ಲ, ಅಲ್ವಾ?

ಹಿರಿಯರು ಮೆಣಸಿನಕಾಯಿಯ ತೊಟ್ಟು ಎಸೆದು, "ಅದು ಎಳೀ ಕೂಸು, ಅದಕ್ಕೇನ್ ಗೊತ್ತು. ನೀವು ದೊಡ್ಡೋರು. ಓದಿದ್ರಿ, ಮತ್ ಅಂಟಿಸಿ ಇಟ್ರಿ" ಅಂದರು.

ಗಿಲ್ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ. ಅಷ್ಟು ದಿನ ತಾಲೀಮು ಮಾಡುವಾಗ ಆ ಪತ್ರದ ದೃಶ್ಯವನ್ನು ನಾವು ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆವು, ನಗು ಬರಲ್ಲ ಅಂತ. ಈಗ ಅಲ್ಲಿ ನಿಧಾನ ಮಾಡೋಣ, ನಾಣ್ಯದ ಆಟ ಅರ್ಧ ಕತ್ತರಿಸೋಣ ಅಂತ ನಾನು ಹಟ ಹಿಡಿದಿದ್ದೇನೆ. ಜನ ನಗೋದೇ ಅಲ್ಲಿ ಕಣೋ, ಅದನ್ನ ಮುಟ್ಟಬೇಡ ಅನ್ನೋದು ನಿರ್ದೇಶಕನ ವಾದ. ಮುಂದಿನ ಪ್ರಯೋಗ ಹೊಸಪೇಟೆಯಲ್ಲಿ, ಜಗಳ ಇನ್ನೂ ಮುಗಿದಿಲ್ಲ.