ಕೋಳಿಗೂಡಿಗೆ ಕಿಂಡಿ ಕೊರೆದ ದಿನ

ಚಳಿ ಬಿಗಿಯಾಗಿದ್ದ ದಿನಗಳಲ್ಲಿ, ಹಿತ್ತಿಲ ಗೂಡಿನ ಆರು ಹೇಂಟೆಗಳು ಬೆಚ್ಚಗಿರಲೆಂದು ಅದರ ಎರಡೂ ಪುಟ್ಟ ಕಿಂಡಿಗಳಿಗೆ ಗೋಣಿಚೀಲ ತುರುಕಿದ್ದೆ. ಐದನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಒಳಗಿನ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಚಾವಣಿಯ ತಗಡಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲೊಂದು ಜಾರಿ, ಅಡ್ಡಗೋಲಿನ ಮೇಲೆ ಕುಳಿತಿದ್ದ ಕಂದು ಹೇಂಟೆಯ ಬೆನ್ನಿಗೆ ಬಿತ್ತು. ಅದು ಅತ್ತ ಗಮನವನ್ನೇ ಕೊಡದೆ, ಅರೆಮುಚ್ಚಿದ ಎಡಗಣ್ಣನ್ನು ಮತ್ತೆ ಮತ್ತೆ ರೆಕ್ಕೆಯ ಬುಡಕ್ಕೆ ಉಜ್ಜಿಕೊಳ್ಳುತ್ತಿತ್ತು.

ಮಳೆ ಬಿದ್ದಿರಲಿಲ್ಲ, ನೀರಿನ ಪಾತ್ರೆಯೂ ಉರುಳಿರಲಿಲ್ಲ. ಆ ತೇವವೆಲ್ಲ ಕೋಳಿಗಳ ಉಸಿರಿನಿಂದಲೂ ಹಿಕ್ಕೆಯಿಂದಲೂ ಬಂದದ್ದು. ಹಸಿ ಹಿಕ್ಕೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಅದರ ಬಿಳಿಯ ಭಾಗವಾದ ಯೂರಿಕ್ ಆಮ್ಲವನ್ನು ತೇವದಲ್ಲಿ ಹೆಚ್ಚುವ ಸೂಕ್ಷ್ಮಾಣುಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಗೂಡಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 25 ಭಾಗವನ್ನು ಮೀರಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಮೂಗಿಗೆ ಘಾಟು ಚೆನ್ನಾಗಿ ಹತ್ತುವಷ್ಟರಲ್ಲಿ ರಾತ್ರಿಯಿಡೀ ಅದನ್ನೇ ಉಸಿರಾಡಿದ ಹಕ್ಕಿಯ ಕಣ್ಣಿಗೂ ಶ್ವಾಸನಾಳಕ್ಕೂ ಪೆಟ್ಟು ಬಿದ್ದಿರಬಹುದು. ಒಣಗಿರುವ ಗರಿಗಳನ್ನು ಉಬ್ಬಿಸಿ, ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕೋಳಿ ಚಳಿಯನ್ನು ತಾನೇ ತಡೆದುಕೊಳ್ಳುತ್ತದೆ. ಆ ಗರಿಗಳನ್ನೇ ನಾನು ನೆನೆಯಲು ಬಿಟ್ಟಿದ್ದೆ. ಈ ತಪ್ಪು ನನ್ನನ್ನು ಬಹಳ ನೋಯಿಸಿತು.

ಅಂದೇ ಅಳತೆಪಟ್ಟಿ ಹಿಡಿದು ಕುಳಿತೆ. ಗೂಡು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಗೋಡೆ ಐದು ಅಡಿ ಎತ್ತರ. ಅಡ್ಡಗೋಲು ನೆಲದಿಂದ ಎರಡು ಅಡಿ ಮೇಲೆ. ಕೋಳಿಯೊಂದಕ್ಕೆ ಗಾಳಿಯಾಡಲು ಒಂದು ಚದರ ಅಡಿಯಷ್ಟು ತೆರೆದ ಜಾಗ ಬೇಕೆಂಬುದು ಸಣ್ಣ ಗೂಡುಗಳಿಗೆ ಬಳಕೆಯಲ್ಲಿರುವ ಲೆಕ್ಕ. ಎರಡೂ ಉದ್ದದ ಗೋಡೆಗಳಲ್ಲಿ, ಸೂರಿನ ಕೆಳಗೇ ಅರ್ಧ ಅಡಿ ಎತ್ತರದ ಪಟ್ಟಿಯನ್ನು ಉದ್ದಕ್ಕೂ ಕೊರೆದು ತೆರೆದರೆ ಒಂದೊಂದರಲ್ಲಿ ಮೂರು ಚದರ ಅಡಿ, ಒಟ್ಟಿಗೆ ಆರು. ಚೌಕಟ್ಟು ಮತ್ತು ಜಾಲರಿಯ ತಂತಿ ಇದರಲ್ಲಿ ಸ್ವಲ್ಪವನ್ನು ನುಂಗುವುದರಿಂದ ಬಾಗಿಲ ಮೇಲ್ತುದಿಯಲ್ಲಿಯೂ ಒಂದು ಕಿಂಡಿ ಸೇರಿಸಿದೆ.

ಎಷ್ಟು ತೆರೆಯಬೇಕೆಂಬುದಕ್ಕಿಂತ ಎಲ್ಲಿ ತೆರೆಯಬೇಕೆಂಬುದರ ಮೇಲೆ ನಾನು ಹೆಚ್ಚು ಹೊತ್ತು ಯೋಚಿಸಿದೆ. ಬಿಸಿಯಾದ ತೇವದ ಗಾಳಿ ಮೇಲಕ್ಕೇರುವುದರಿಂದ ಅದು ಹೊರಬೀಳುವ ದಾರಿ ಮೇಲೆಯೇ ಇರಬೇಕು. ನಿದ್ದೆಯಲ್ಲಿರುವ ಹಕ್ಕಿಯ ಮೈಗೆ ಮಾತ್ರ ಗಾಳಿ ನೇರವಾಗಿ ಬೀಸಬಾರದು. ಮೊದಲಿದ್ದ ಕಿಂಡಿಗಳು ಸರಿಯಾಗಿ ಅಡ್ಡಗೋಲಿನ ಮಟ್ಟದಲ್ಲಿದ್ದವು. ಬಿಟ್ಟರೆ ಮೈಗೆ ಚಳಿಗಾಳಿ, ಮುಚ್ಚಿದರೆ ಉಸಿರಿಗೆ ಘಾಟು ಎಂಬ ಇಕ್ಕಟ್ಟು ಅಲ್ಲಿಂದಲೇ ಹುಟ್ಟಿದ್ದು. ಅವುಗಳಿಗೆ ಜಾರು ಹಲಗೆ ಕೂಡಿಸಿ ಬೇಸಿಗೆಗೆಂದು ಉಳಿಸಿಕೊಂಡೆ. ಬೆವರದ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕಾದ ಆ ದಿನಗಳಲ್ಲಿ ಮೈಗೆ ತಾಗುವ ಗಾಳಿಯೇ ಅದಕ್ಕೆ ಬೇಕು.

ಕಿಂಡಿಗಳಿಗೆ ಅರ್ಧ ಅಂಗುಲದ ಬೆಸುಗೆ ಜಾಲರಿಯನ್ನು ಆರಿಸಿಕೊಂಡೆ. ಆರುಮೂಲೆಯ ಕೋಳಿಬಲೆ ಕೋಳಿಯನ್ನು ಒಳಗೆ ತಡೆಯುತ್ತದೆ, ಆದರೆ ಇಲಿಯನ್ನು ಹೊರಗೆ ತಡೆಯುವುದಿಲ್ಲ. ಮೊಳೆಯ ಬದಲು ಸ್ಕ್ರೂ, ಅದರಡಿಗೆ ಅಗಲವಾದ ವಾಷರ್ ಹಾಕಿ ಬಿಗಿದೆ.

ಸಂಜೆ ಅಡ್ಡಗೋಲಿಗೆ ತೆಳುಕಾಗದದ ಒಂದು ಎಳೆಯನ್ನೂ ಸೂರಿನ ಬಳಿ ಇನ್ನೊಂದನ್ನೂ ಕಟ್ಟಿ, ಕೋಳಿಗಳು ಏರಿ ಕುಳಿತ ಮೇಲೆ ದೀಪ ಹಿಡಿದು ನೋಡಿದೆ. ಮೇಲಿನದು ಹೊರಮುಖವಾಗಿ ಮೆಲ್ಲನೆ ಆಡುತ್ತಿತ್ತು; ಕೆಳಗಿನದು ಅಲುಗದೆ ಇಳಿಬಿದ್ದಿತ್ತು. ಒದ್ದೆಯಾದ ಮರದ ಹೊಟ್ಟನ್ನು ಹಗಲೇ ತೆಗೆದು ಹೊಸದನ್ನು ಹರಡಿದ್ದೆ.

ಮರುದಿನ ಬೆಳಿಗ್ಗೆ ಮಂಡಿಯೂರಿ, ತಲೆಯನ್ನು ಅಡ್ಡಗೋಲಿನ ಮಟ್ಟಕ್ಕೆ ತಂದು ಉಸಿರೆಳೆದೆ. ಹೊಟ್ಟಿನ ವಾಸನೆಯಷ್ಟೇ ಬಂತು. ತಗಡನ್ನು ಅಂಗೈಯಿಂದ ಸವರಿದರೆ ಕೈ ಒಣಗಿಯೇ ಇತ್ತು. ಕಂದು ಹೇಂಟೆ ಕಣ್ಣನ್ನು ಪೂರ್ತಿ ತೆರೆಯಲು ಇನ್ನೂ ಕೆಲವು ದಿನ ಬೇಕಾದವು. ಅಷ್ಟು ದಿನವೂ ಎಲ್ಲಕ್ಕಿಂತ ಮೊದಲು ನಾನು ನೋಡುತ್ತಿದ್ದುದು ಅದರ ಎಡಗಣ್ಣನ್ನೇ.